ಕಿತ್ತಳೆ ಮೂತಿಯೊಳಗಿನ ಅಂಟು

ಜನವರಿ 9

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ನಾನು ಕಿರುಚುವುದು, ನೀವು "ಏನಂದೆ? ಏನಂದೆ?" ಎನ್ನುವುದು, ಪಕ್ಕದ ಕೋಣೆಯವರು ಗೋಡೆ ತಟ್ಟುವುದು, ಇವೆಲ್ಲ ಸಾಕೆನಿಸಿತು. ಕಿವಿಗೆ ಮೆಷಿನ್ ಹಾಕಿಕೊಳ್ಳಿ ಎಂದರೆ ನೀವು ಒಪ್ಪುವವರಲ್ಲ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ನಿಮ್ಮ ಕಣ್ಣಂತೂ ಇನ್ನೂ ಸೂಜಿಗೆ ದಾರ ಪೋಣಿಸುತ್ತದೆ.

ಬಸ್ ನಿಲ್ದಾಣದಲ್ಲಿ ನೀವೊಂದು ಮಾತು ಕೇಳಿದಿರಿ. "ಮದುವೆಯಾಗಿ ವರ್ಷ ತುಂಬಿಲ್ಲ, ಅಂಟು ಹಚ್ಚೋ ಕೆಲಸಕ್ಕೆ ಅಷ್ಟು ದೂರ ಹೋಗ್ಬೇಕಾ?" ಬಸ್ಸು ಹೊರಟುಬಿಟ್ಟಿತು. ದಾರಿಯುದ್ದಕ್ಕೂ ನಿಮಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ಬಂದೆ. ಅವೆಲ್ಲ ಸ್ವಲ್ಪ ಜೋರಾಗಿದ್ದವು. ಈಗ ಮೆತ್ತಗಾಗಿದ್ದೇನೆ, ಈಗ ಹೇಳುತ್ತೇನೆ.

ತಿಂಗಳು ತುಂಬದೆ ಹುಟ್ಟಿದ, ಹಾಲು ಚೀಪಲು ಶಕ್ತಿಯಿಲ್ಲದ ಕೂಸುಗಳಿಗೆ ಮೂಗಿನಿಂದ ಹೊಟ್ಟೆಗೆ ಹಾಕುವ ಸಣ್ಣ ಟ್ಯೂಬನ್ನು ನಮ್ಮ ಕಾರ್ಖಾನೆ ಹೊಸದಾಗಿ ಮಾಡುತ್ತಿದೆ. ಟ್ಯೂಬಿನ ತುದಿಯಲ್ಲಿ ಹಾಲಿನ ಸಿರಿಂಜು ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ ಇರುತ್ತದಲ್ಲ, ಆ ಮೂತಿಗೂ ಟ್ಯೂಬಿಗೂ ನಡುವೆ ಹಿಡಿಯುವುದು ಒಂದು ಹನಿ ಅಂಟು. ಅದು ಯಾವ ಅಂಟು ಎಂದು ಆರಿಸುವುದೇ ನನ್ನ ಕೆಲಸ. ಅದು ಬೇಗ ಗಟ್ಟಿಯಾಗಬೇಕು, ಏಕೆಂದರೆ ಟ್ಯೂಬು ಜೋಡಿಸುವ ಸಾಲಿನಲ್ಲಿ ಕೆಲಸ ಮಾಡುವವರಿಗೆ ಒಂದೊಂದನ್ನೂ ಹಿಡಿದುಕೊಂಡು ಕೂರಲಾಗುವುದಿಲ್ಲ. ಒಳಗೆ ಹೋಗುವ ಹಾಲಿಗೆ ಅದರಿಂದ ಏನೂ ಇಳಿಯಬಾರದು. ಎಳೆದರೆ ಬಿಡಬಾರದು.

ನೀವು ಅಷ್ಟು ವರ್ಷ ಅಂಥ ಕೂಸುಗಳ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಆಗಿದ್ದವರು. ವಾರ್ಡಿನಲ್ಲಿ ಈ ಟ್ಯೂಬಿಗೆ ಏನೇನು ಗತಿಯಾಗುತ್ತದೆ ಎಂದು ನನಗೆ ಬರೆಯುತ್ತೀರಾ? ಇಲ್ಲಿರುವವರು ಯಾರೂ ಒಂದು ಕೂಸಿಗೂ ಅದನ್ನು ಹಾಕಿಲ್ಲ.

ನಿಮ್ಮ ಸೊಸೆ


ಜನವರಿ 24

ಇಂಜಿನಿಯರಮ್ಮನವರಿಗೆ,

ಕಾಗದ ತಲುಪಿತು. ಅಕ್ಷರ ಚೆನ್ನಾಗಿದೆ, ಅಷ್ಟಂತೂ ಒಪ್ಪಿದೆ.

ಟ್ಯೂಬಿನ ಗತಿ ಕೇಳಿದ್ದೀಯ. ಮೊದಲ ಶತ್ರು ಕೂಸೇ. ನನ್ನ ಅಂಗೈಯಷ್ಟು ಇರುತ್ತದೆ, ಉಸಿರಾಡಲು ಕಷ್ಟಪಡುತ್ತದೆ, ಆದರೆ ಮೂಗಿನ ಹತ್ತಿರ ಏನಾದರೂ ಸಿಕ್ಕಿದರೆ ಮುಷ್ಟಿ ಕಟ್ಟಿ ಎಳೆಯುವುದರಲ್ಲಿ ಪೈಲ್ವಾನ. ಎರಡನೆಯ ಶತ್ರು ನಾವು, ನರ್ಸುಗಳು. ಸಿರಿಂಜನ್ನು ನೇರವಾಗಿ ಸಿಕ್ಕಿಸುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ, ತಿರುಚಿಯೇ ಸಿಕ್ಕಿಸುತ್ತೇವೆ, ತಿರುಚಿಯೇ ಕೀಳುತ್ತೇವೆ. ಸ್ಪಿರಿಟ್ ಹಚ್ಚಿ ಒರೆಸುತ್ತೇವೆ. ಕೂಸು ಇರುವ ಪೆಟ್ಟಿಗೆಯೊಳಗೆ ಯಾವಾಗಲೂ ಬೆಚ್ಚಗೆ, ಒದ್ದೆ ಒದ್ದೆ. ನಿನ್ನ ಅಂಟು ಇದನ್ನೆಲ್ಲ ತಡೆದುಕೊಳ್ಳಬೇಕು.

ಇನ್ನೊಂದು ಮಾತಿದೆ. ಇದು ಅಂಟಿನದಲ್ಲ, ಆದರೂ ಬರೆಯುತ್ತೇನೆ. ಆ ಮೂತಿಗೆ ಬಣ್ಣ ಹಾಕಿಸು. ಕಣ್ಣಿಗೆ ಹೊಡೆಯುವಂಥ ಬಣ್ಣ.

ಒಂದು ಕೂಸಿಗೆ ಹಾಲಿನ ಟ್ಯೂಬೂ ಇರುತ್ತದೆ, ರಕ್ತನಾಳಕ್ಕೆ ಹೋಗುವ ಟ್ಯೂಬೂ ಇರುತ್ತದೆ. ಎರಡೂ ಪಾರದರ್ಶಕ, ಎರಡೂ ಸಣ್ಣ, ಎರಡೂ ಒಂದೇ ಬಟ್ಟೆಯ ಕೆಳಗಿನಿಂದ ಬರುತ್ತವೆ. ಒಮ್ಮೆ ಮಧ್ಯಾಹ್ನ ಡ್ಯೂಟಿ ಬದಲಾಗುವ ಹೊತ್ತಿಗೆ ಒಬ್ಬ ಹೊಸ ಹುಡುಗಿ ಹಾಲಿನ ಸಿರಿಂಜು ಹಿಡಿದು ರಕ್ತನಾಳದ ಟ್ಯೂಬಿಗೆ ಕೈ ಹಾಕಿದ್ದಳು. ಒಳ್ಳೆಯ ಹುಡುಗಿ, ದಣಿದಿದ್ದಳು, ಅಷ್ಟೆ. ನಾನು ಪಕ್ಕದಲ್ಲಿದ್ದೆ, ಅವಳ ಕೈ ಹಿಡಿದೆ. ಹಾಲು ರಕ್ತಕ್ಕೆ ಹೋದರೆ ಆ ಕೂಸು ಉಳಿಯುತ್ತಿರಲಿಲ್ಲ. ಅವತ್ತು ಹಿಡಿದೆ, ಸರಿ. ಪ್ರತಿ ಸಲ ಪಕ್ಕದಲ್ಲಿ ಯಾರಾದರೂ ಇರುತ್ತಾರಾ? ನಿವೃತ್ತಿಯಾಗುವ ತನಕ ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಚಹಾ ಕುಡಿದರು, ಎದ್ದು ಹೋದರು.

ನಿನ್ನ ಮೇಜು ಗೋಡೆಗೆ ಮುಖ ಮಾಡಿಕೊಂಡಿದೆ ಎಂದು ಮಗ ಹೇಳಿದ. ಕಿಟಕಿಯ ಪಕ್ಕಕ್ಕೆ ಹಾಕಿಸಿಕೋ. ಕಣ್ಣು ಹಾಳು ಮಾಡಿಕೊಂಡು ಬಂದರೆ ನಾನು ಜವಾಬ್ದಾರಳಲ್ಲ.

ಇಂತಿ,
ನಿನ್ನ ಗಂಡನ ತಾಯಿ


ಫೆಬ್ರವರಿ 20

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಮೀಟಿಂಗಿಗೆ ತೆಗೆದುಕೊಂಡು ಹೋದೆ. ಕೋಪ ಮಾಡಿಕೊಳ್ಳಬೇಡಿ, ಆ ಹೊಸ ಹುಡುಗಿಯ ಭಾಗವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದಾಗ ಯಾರೂ ಚಹಾಕ್ಕೆ ಕೈ ಹಾಕಲಿಲ್ಲ. ಮೂತಿ ಕಿತ್ತಳೆ ಬಣ್ಣದ್ದೇ ಆಗಬೇಕು ಎಂದು ತೀರ್ಮಾನವಾಯಿತು. ರಕ್ತನಾಳದ ಯಾವ ಟ್ಯೂಬಿಗೂ ನಾವು ಆ ಬಣ್ಣ ಕೊಡುವುದಿಲ್ಲ.

ನಮ್ಮ ಉತ್ಪಾದನೆಯ ಮುಖ್ಯಸ್ಥರಿಗೆ ಇಲ್ಲಿ ಎಲ್ಲರೂ ಹಿಂದಿನಿಂದ ಗಡಿಯಾರ ಎನ್ನುತ್ತಾರೆ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವುದಕ್ಕಿಂತ ತಮ್ಮ ಮಣಿಕಟ್ಟು ನೋಡುವುದೇ ಹೆಚ್ಚು. ಬಣ್ಣಕ್ಕೆ ಅವರೂ ತಕರಾರು ಮಾಡಲಿಲ್ಲ.

ಅಂಟು ಆರಿಸುವಾಗ ನಿಮ್ಮ ಶತ್ರುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದೆ. ಮನೆಯಲ್ಲಿ ಮುರಿದ ಕಪ್ಪಿನ ಹಿಡಿ ಅಂಟಿಸುತ್ತೇವಲ್ಲ, ಆ ಜಾತಿಯ ದಿಢೀರ್ ಅಂಟನ್ನು ಮೊದಲು ನೋಡಿದೆ. ಬೆರಳು ಅಂಟಿಕೊಳ್ಳುವಷ್ಟು ಚುರುಕು. ಆದರೆ ಗಟ್ಟಿಯಾದ ಮೇಲೆ ಗಾಜಿನ ಸ್ವಭಾವ ಅದಕ್ಕೆ. ನೀವು ಬರೆದ ಹಾಗೆ ತಿರುಚಿದೆ, ತಿರುಚಿದೆ, ಚಟ್ ಎಂದಿತು. ಎರಡು ಭಾಗ ಕಲಸಿ ಹಾಕುವ ಅಂಟು ಬಹಳ ಗಟ್ಟಿ, ಬಹಳ ಸೋಮಾರಿ. ಅದು ಒಣಗುವಷ್ಟರಲ್ಲಿ ಟ್ಯೂಬು ಮೂತಿಯಿಂದ ಜಾರಿ ಸೊಟ್ಟಗಾಗಿರುತ್ತದೆ.

ಮೂರನೆಯದು ನನಗೆ ಮೆಚ್ಚುಗೆಯಾಯಿತು. ಅದು ಬೆಳಕಿಗೆ ಗಟ್ಟಿಯಾಗುವ ಅಂಟು. ಹನಿ ಹಾಕಿ, ಟ್ಯೂಬು ಸೇರಿಸಿ, ವಿಶೇಷ ದೀಪದ ಕೆಳಗೆ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಬಿಗಿಯುತ್ತದೆ, ಆದರೂ ಸ್ವಲ್ಪ ಬಳುಕುತ್ತದೆ. ಅದರಲ್ಲಿ ಇನ್ನೊಂದು ಸೊಗಸಿದೆ ಅತ್ತೆ. ಪರೀಕ್ಷೆಯ ಕೋಣೆಯ ಪರದೆ ಎಳೆದು ಇನ್ನೊಂದು ದೀಪ ಹಚ್ಚಿದರೆ ಅಂಟು ಇರುವ ಕಡೆ ಮಾತ್ರ ನೀಲಿ ಹೊಳಪು ಬರುತ್ತದೆ. ಟ್ಯೂಬಿನ ಸುತ್ತ ನೀಲಿ ಉಂಗುರ ಪೂರ್ತಿ ಕಂಡರೆ ಅಂಟು ಎಲ್ಲೂ ತಪ್ಪಿಲ್ಲ ಎಂದರ್ಥ. ಮೊದಲ ಸಲ ನೋಡಿದಾಗ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ.

ಮೇಜು ಕಿಟಕಿಯ ಪಕ್ಕಕ್ಕೆ ಬಂತು. ಕಿಟಕಿಯ ಕಟ್ಟೆ ಅಗಲವಾಗಿದೆ, ಪರೀಕ್ಷೆಗೆ ಕಾಯುವ ಟ್ಯೂಬುಗಳನ್ನೆಲ್ಲ ಅಲ್ಲೇ ಸಾಲಾಗಿ ಇಟ್ಟುಕೊಂಡಿದ್ದೇನೆ. ಕಿತ್ತಳೆ ಮೂತಿಯವು ಬಿಸಿಲಿಗೆ ಎಷ್ಟು ಚೆಂದ ಕಾಣುತ್ತವೆ! ಬೆಚ್ಚಗಿನ ನೀರು, ಸ್ಪಿರಿಟ್, ತಿರುಚುವುದು, ಎಳೆಯುವುದು, ಎಲ್ಲದರಲ್ಲೂ ಪಾಸಾದವು. ಗಡಿಯಾರ ನನ್ನ ಮುಖ ನೋಡಿ ನಕ್ಕರು.

ನಿಮ್ಮ ಸೊಸೆ


ಮಾರ್ಚ್ 8

ಇಂಜಿನಿಯರಮ್ಮನವರಿಗೆ,

ನಾನು ಬರೆದದ್ದನ್ನು ಹತ್ತು ಜನರ ಮುಂದೆ ಓದುವವಳು ಒಂದು ಮಾತು ಮೊದಲೇ ಹೇಳಿದ್ದರೆ ಅಕ್ಷರ ಸ್ವಲ್ಪ ದುಂಡಗೆ ಬರೆಯುತ್ತಿದ್ದೆ.

ಕಿತ್ತಳೆ ಬಣ್ಣದ ವಿಷಯ ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಕಣ್ಣಿಗೆ ಏನೋ ಬಿದ್ದಿತ್ತು. ನಿನ್ನ ಗಂಡ "ಏನಮ್ಮ ಆಯ್ತು?" ಎಂದು ಮೂರು ಸಲ ಕೇಳಿದ. ಕಿವಿ ಕೇಳಿಸದವರಿಗೆ ಇರುವ ಅನುಕೂಲ ಇದೊಂದೇ.

ನನ್ನ ಜೊತೆ ಕೆಲಸ ಮಾಡಿದವರಿಗೂ ಹೇಳಿದೆ. "ನಿಮ್ಮ ಸೊಸೆ ಏನ್ ಮಾಡ್ತಾಳೆ ಸಿಸ್ಟರ್?" ಎಂದರು. "ಮಗನ ಹೆಂಡತಿ ಅಂಟಿನ ವ್ಯವಹಾರ ನೋಡ್ಕೋತಾಳೆ" ಎಂದೆ. ನಕ್ಕರು. ನಗಲಿ ಬಿಡು.

ಒಂದು ಟ್ಯೂಬು ಕಳಿಸು. ಕೈಯಲ್ಲಿ ಹಿಡಿದು ನೋಡಬೇಕು. ಆ ನೀಲಿ ಉಂಗುರ ಎಲ್ಲಿ ಕೂತಿರುತ್ತದೆ ಎಂದು ನನಗೆ ಓದಿ ತಿಳಿಯಲಿಲ್ಲ.

ಇಂತಿ,
ನಿನ್ನ ಗಂಡನ ತಾಯಿ


ಏಪ್ರಿಲ್ 2

ಅತ್ತೆಯವರಿಗೆ,

ಟ್ಯೂಬು ಕಳಿಸಲಾಗಲಿಲ್ಲ. ಯಾಕೆಂದು ಹೇಳುತ್ತೇನೆ.

ನನ್ನ ಕಿಟಕಿಯ ಕಟ್ಟೆಯ ಮೇಲಿನವು ಪರೀಕ್ಷೆಗೆ ಒಳಗಾಗಿ ಜರ್ಜರಿತವಾಗಿದ್ದವು. ನಿಮಗೆ ಹೊಸದೇ ಕಳಿಸೋಣ ಎಂದು, ಆಸ್ಪತ್ರೆಗಳಿಗೆ ಹೊರಡಲು ಸಿದ್ಧವಾಗಿದ್ದ ಮೊದಲ ಪೆಟ್ಟಿಗೆಯಿಂದ ಕೇಳಿ ಒಂದನ್ನು ತೆಗೆದುಕೊಂಡೆ. ಉಂಗುರ ಎಲ್ಲಿರುತ್ತದೆ ಎಂದು ಕೇಳಿದ್ದಿರಲ್ಲ, ಮೂತಿಯನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದರೆ ನಿಮಗೆ ಸರಿಯಾಗಿ ಕಾಣುತ್ತದೆ ಎಂದುಕೊಂಡೆ. ಸೀಳಿದೆ. ಬ್ಲೇಡಿನ ಜೊತೆ ಅಂಟು ಎಳೆಎಳೆಯಾಗಿ ಬಂತು.

ಹೊರಗಿನ ಅಂಚು ಕಲ್ಲಿನ ಹಾಗಿತ್ತು, ಒಳಗೆ ಜೇನುತುಪ್ಪದ ಹಾಗೆ ಹಸಿಯಾಗಿತ್ತು. ಇನ್ನೊಂದು ಸೀಳಿದೆ, ಮತ್ತೊಂದು ಸೀಳಿದೆ. ಪೆಟ್ಟಿಗೆಯಲ್ಲಿದ್ದವೆಲ್ಲ ಹಾಗೇ. ಅಂಚು ಬಿಗಿಯಾಗಿದ್ದರಿಂದ ಒಮ್ಮೆ ಎಳೆದರೆ ತಡೆಯುತ್ತಿದ್ದವು. ಆದರೆ ಕೂಸನ್ನಿಡುವ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇದ್ದಿದ್ದರೆ ಆ ಹಸಿ ಅಂಟು ಹಾಲಿಗೆ ಇಳಿಯುತ್ತಿತ್ತು. ನೀವು ಹೇಳಿದ ಆ ಅಂಗೈಯಷ್ಟು ಕೂಸಿನ ಹೊಟ್ಟೆಗೆ.

ಕಿತ್ತಳೆ ಬಣ್ಣ ನಮ್ಮ ದೀಪದ ಬೆಳಕನ್ನು ಆ ಕೆಲವು ಸೆಕೆಂಡಿನಲ್ಲಿ ಒಳಗೆ ಸಾಕಷ್ಟು ಬಿಡುವುದಿಲ್ಲ. ಸಾಕಷ್ಟು ಬೆಳಕಿಲ್ಲದೆ ಆ ಅಂಟು ಗಟ್ಟಿಯಾಗುವುದಿಲ್ಲ. ಇಷ್ಟು ನನಗೆ ಮೊದಲೇ ಹೊಳೆಯಬೇಕಿತ್ತು. ಹಾಗಾದರೆ ನನ್ನ ಪರೀಕ್ಷೆಗಳಲ್ಲಿ ಎಲ್ಲವೂ ಹೇಗೆ ಪಾಸಾದವು? ಕಿಟಕಿಯ ಕಟ್ಟೆ! ದೀಪ ಅರ್ಧಕ್ಕೆ ಬಿಟ್ಟ ಕೆಲಸವನ್ನು ದಿನವಿಡೀ ಬೀಳುವ ಬಿಸಿಲು ನಿಧಾನವಾಗಿ ಮುಗಿಸಿಕೊಟ್ಟಿತ್ತು. ಬೇಯದ ಅಡುಗೆಯನ್ನು ನಾನೇ ಒಲೆಯ ಮೇಲೆ ಬಿಟ್ಟು, ಬೆಂದಿದೆ ಎಂದು ಸಹಿ ಹಾಕಿದ್ದೆ.

ಒಂದು ಟ್ಯೂಬೂ ಹೊರಗೆ ಹೋಗಿಲ್ಲ. ಸಾಲು ನಿಲ್ಲಿಸಿದೆ, ಎಲ್ಲವನ್ನೂ ನಾಶ ಮಾಡಿಸಿದೆ. ಗಡಿಯಾರ ಹೇಳಿದರು, "ಬಣ್ಣ ತೆಗೆದುಬಿಡಿ. ನಾಳೇನೇ ಶುರು ಮಾಡ್ಬಹುದು." ಸ್ವಲ್ಪ ದಿನ ಕೊಡಿ ಎಂದಿದ್ದೇನೆ. ನನ್ನ ತೀರ್ಮಾನದ ಮೇಲೆ ಇನ್ನು ಯಾರು ನಂಬಿಕೆ ಇಡುತ್ತಾರೋ ಗೊತ್ತಿಲ್ಲ.

ನಿಮ್ಮ ಸೊಸೆ


ಏಪ್ರಿಲ್ 30

ಸಿಕ್ಕ ಕಾಗದಕ್ಕೆ ತಕ್ಷಣ ಉತ್ತರ ಬರೆಯುವವಳು ನಾನು. ಈ ಸಲ ಬರೆದೆ, ಹರಿದೆ, ಮತ್ತೆ ಬರೆದೆ.

ನಿನ್ನ ಕಾಗದದಲ್ಲಿ ಇಲ್ಲದ ಎರಡು ಸಾಲುಗಳನ್ನು ನಾನು ಓದಿಕೊಂಡೆ. ಬಣ್ಣ ಕೇಳಿದವಳು ನಾನು. ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದವಳೂ ನಾನು. ನೀನು ಒಂದು ಅಕ್ಷರ ಅನ್ನಲಿಲ್ಲ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ. ಅಂದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

ಮಗ ಹೇಳಿದ, ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ಕೆಲಸ ಹೋಗಬಹುದು ಎನ್ನುತ್ತಿದ್ದೀಯಂತೆ. ಕೇಳು. ಬಣ್ಣ ತೆಗೆದುಬಿಡು. ಇಷ್ಟು ವರ್ಷ ಬಣ್ಣವಿಲ್ಲದೆ ನಡೆದಿದೆ, ಇನ್ನೂ ನಡೆಯುತ್ತದೆ. ಮನೆಯಲ್ಲಿ ಕೂತ ಮುದುಕಿಯ ಮಾತಿಗೆ ನಿನ್ನ ಅನ್ನಕ್ಕೆ ಕಲ್ಲು ಹಾಕಿಕೊಳ್ಳಬೇಡ.

ನೀನು ಹಸಿ ಅಂಟು ಕಂಡ ಕ್ಷಣವೇ ಸಾಲು ನಿಲ್ಲಿಸಿದೆಯಲ್ಲ, ಅದನ್ನು ಓದಿದಾಗ ನನಗೆ ಏನನ್ನಿಸಿತು ಎಂದು ಬರೆಯಲು ಬರುತ್ತಿಲ್ಲ. ನನ್ನ ವಾರ್ಡಿನಲ್ಲಿ ನೀನು ಇದ್ದಿದ್ದರೆ ನಾನು ಆಗಾಗ ರಜೆ ಹಾಕಿ ಮನೆಯಲ್ಲಿ ನೆಮ್ಮದಿಯಾಗಿ ಇರುತ್ತಿದ್ದೆ. ಅಷ್ಟು ಬರೆದರೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಇಂತಿ,
ಕಿತ್ತಳೆ ಬಣ್ಣ ಕೇಳಿದವಳು


ಮೇ 16

ಅತ್ತೆ,

ಬಣ್ಣ ತೆಗೆಯುವುದಿಲ್ಲ. ನೀವೇ ಹೇಳಿದರೂ ತೆಗೆಯುವುದಿಲ್ಲ.

ಲೆಕ್ಕ ಹಾಕುವುದಿದ್ದರೆ ಪೂರ್ತಿ ಹಾಕಿ. ಬಣ್ಣ ಕೇಳಿದ್ದು ನೀವು, ಕಿಟಕಿ ಹೇಳಿದ್ದು ನೀವು, ಸರಿ. ಒಂದು ಟ್ಯೂಬು ಕಳಿಸು ಎಂದದ್ದು ಯಾರು? ಉಂಗುರ ಎಲ್ಲಿದೆ ಎಂದು ಹಟ ಹಿಡಿದದ್ದು ಯಾರು? ನೀವು ಕೇಳದಿದ್ದರೆ ನಾನು ಆ ಪೆಟ್ಟಿಗೆ ತೆಗೆಸುತ್ತಲೇ ಇರಲಿಲ್ಲ. ಅದು ಲಾರಿ ಹತ್ತಿ ಹೋಗಿರುತ್ತಿತ್ತು. ರಾತ್ರಿ ಮಲಗಿದಾಗ ಇದು ನೆನಪಾಗಿ ಎದ್ದು ಕೂರುತ್ತೇನೆ, ಆಮೇಲೆ ನೀವು ನೆನಪಾಗುತ್ತೀರಿ.

ಗಡಿಯಾರದ ಕೋಣೆಗೆ ಹೋಗಿ ಹೇಳಿದೆ: ತಪ್ಪು ಬಣ್ಣದ್ದಲ್ಲ, ನನ್ನ ಅಂಟಿನ ಆಯ್ಕೆಯದು. ಬಣ್ಣ ವಾರ್ಡಿಗೆ ಬೇಕು. ಬಣ್ಣಕ್ಕೆ ತಕ್ಕ ಅಂಟು ಹುಡುಕುವುದು ನನ್ನ ಕೆಲಸ, ಅಂಟಿಗೆ ತಕ್ಕ ಹಾಗೆ ವಾರ್ಡನ್ನು ಬದಲಾಯಿಸುವುದಲ್ಲ.

ಅಂಟೂ ಸಿಕ್ಕಿದೆ. ಅದು ಎರಡು ಬಗೆಯಲ್ಲಿ ಗಟ್ಟಿಯಾಗುತ್ತದೆ. ದೀಪ ತೋರಿಸಿದರೆ ಹೊರ ಅಂಚು ಕೆಲವೇ ಸೆಕೆಂಡಿನಲ್ಲಿ ಬಿಗಿದು ಟ್ಯೂಬನ್ನು ಅಲುಗಾಡದ ಹಾಗೆ ಹಿಡಿಯುತ್ತದೆ. ಬೆಳಕು ತಲುಪದ ಒಳಭಾಗ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು, ಯಾರ ಸಹಾಯವೂ ಇಲ್ಲದೆ ತನ್ನಷ್ಟಕ್ಕೆ ಗಟ್ಟಿಯಾಗುತ್ತದೆ. ಒಂದೇ ತೊಡಕೆಂದರೆ ಅದಕ್ಕೆ ಒಂದು ರಾತ್ರಿಯ ವಿಶ್ರಾಂತಿ ಬೇಕು. ಅಂಟಿಸಿದ ದಿನವೇ ಪೆಟ್ಟಿಗೆಗೆ ಹಾಕುವಂತಿಲ್ಲ.

ಗಡಿಯಾರ ಮಣಿಕಟ್ಟು ನೋಡಿಕೊಂಡರು. "ಬೇಗ ಒಣಗೋ ಅಂಟು ತನ್ನಿ ಅಂದ್ರೆ ರಾತ್ರಿಯೆಲ್ಲ ನಿದ್ದೆ ಮಾಡೋ ಅಂಟು ತಂದಿದೀರಲ್ಲ" ಎಂದರು. ಆಮೇಲೆ ಕೇಳಿದರು, "ನಿಮ್ಮ ಅತ್ತೆ ಕೈ ಹಿಡಿದ್ರಲ್ಲ, ಆ ಹುಡುಗಿ ಆಮೇಲೆ ಏನಾದ್ಲು?" ನನಗೆ ಗೊತ್ತಿಲ್ಲ ಎಂದೆ. ಮರುದಿನ ಬಂದು ನೋಡಿದರೆ ಸಾಲಿನ ಕೊನೆಯಲ್ಲಿ, ಅಂಟಿಸಿದ ಟ್ಯೂಬುಗಳನ್ನು ರಾತ್ರಿಯಿಡೀ ಬಿಡಲು, ತಟ್ಟೆಗಳನ್ನು ಜೋಡಿಸುವ ಕಪಾಟುಗಳು ಬಂದು ನಿಂತಿದ್ದವು. ಅವರೇ ತರಿಸಿದ್ದರು. ಎಲ್ಲರೂ ಅವರನ್ನು ಹಿಂದಿನಿಂದ ಆಡಿಕೊಳ್ಳುತ್ತಾರೆ, ನಾನು ಇನ್ನು ಆಡಿಕೊಳ್ಳುವುದಿಲ್ಲ.

ಈಗ ಪರೀಕ್ಷೆಯ ಟ್ಯೂಬುಗಳನ್ನು ಬೀಗ ಹಾಕಿದ ಕತ್ತಲ ಕಪಾಟಿನಲ್ಲಿ ಇಡುತ್ತೇನೆ. ಒಮ್ಮೆಗೆ ತಯಾರಾದ ಪ್ರತಿ ಕಂತಿನಲ್ಲೂ ಕೆಲವನ್ನು ಸೀಳಿ ನೋಡಿದ ಮೇಲೆಯೇ ಉಳಿದವು ಮುಂದೆ ಹೋಗುತ್ತವೆ. ಅಂಟಿನಿಂದ ಹಾಲಿಗೆ ಏನೂ ಇಳಿಯುವುದಿಲ್ಲ ಎಂಬ ಪರೀಕ್ಷೆಯನ್ನು ಹಳೆಯ ಅಂಟಿಗೆ ಅದನ್ನು ಮಾರುವವರೇ ಮಾಡಿಸಿದ್ದರು; ಈ ಅಂಟಿಗೆ ನಾವೇ ಮೊದಲಿನಿಂದ ಮಾಡಿಸಬೇಕು, ಅದಕ್ಕೆ ತಿಂಗಳುಗಳು ಬೇಕು. ಮಾಡಿಸುತ್ತೇನೆ.

ಮೇಜು ಮಾತ್ರ ಕಿಟಕಿಯ ಪಕ್ಕದಲ್ಲೇ ಇದೆ. ಕಣ್ಣಿಗೆ ಒಳ್ಳೆಯದು.

ನಿಮ್ಮ ಸೊಸೆ

(ಆ ಹುಡುಗಿ ಆಮೇಲೆ ಏನಾದಳು?)


ಜೂನ್ 1

ಇಂಜಿನಿಯರಮ್ಮನವರಿಗೆ,

ಆ ಹುಡುಗಿ ಅವತ್ತು ಅತ್ತಳು, ಮರುದಿನ ಕೆಲಸಕ್ಕೆ ಬಂದಳು. ಈಗ ಆ ವಾರ್ಡಿಗೆ ಅವಳೇ ದೊಡ್ಡ ಸಿಸ್ಟರ್. ಗಡಿಯಾರದವರಿಗೆ ಹೇಳು.

ಊಟ ಮಾಡು.

ಇಂತಿ,
ನಿನ್ನ ಗಂಡನ ತಾಯಿ


ಅಕ್ಟೋಬರ್ 11

ಅತ್ತೆ,

ಇವತ್ತು ಮೊದಲ ಪೆಟ್ಟಿಗೆಗಳು ಹೊರಟವು. ಲಾರಿ ಗೇಟು ದಾಟುವ ತನಕ ನಾನೂ ಗಡಿಯಾರದವರೂ ಬಿಸಿಲಿನಲ್ಲಿ ನಿಂತಿದ್ದೆವು. ಅವರು ಒಮ್ಮೆಯೂ ಮಣಿಕಟ್ಟು ನೋಡಿಕೊಳ್ಳಲಿಲ್ಲ.

ಅದರಲ್ಲಿ ಒಂದು ಪೆಟ್ಟಿಗೆ ನಿಮ್ಮ ಹಳೆಯ ವಾರ್ಡಿಗೆ ಹೋಗುತ್ತದೆ. ನಾನು ಹೇಳಿಸಿ ಕಳಿಸಿದ್ದಲ್ಲ, ಅವರೇ ಕೇಳಿ ತರಿಸಿಕೊಂಡಿದ್ದಾರೆ. ಈ ಕಾಗದದ ಜೊತೆ ಸೀಳಿದ ಒಂದು ಮೂತಿ ಇಟ್ಟಿದ್ದೇನೆ. ಮುಟ್ಟಿ ನೋಡಿ, ಕೈಗೆ ಅಂಟುವುದಿಲ್ಲ.

ನಿಮ್ಮ ಸೊಸೆ


ನವೆಂಬರ್ 19

ನನ್ನ ಹುಡುಗಿಗೆ,

ವಾರ್ಡಿಗೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ, ನಾನೇ ಹೋದೆ. ದೊಡ್ಡ ಸಿಸ್ಟರ್ ಈಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾಳೆ. ಕೈ ತೊಳೆಸಿ, ಮೇಲಂಗಿ ಹಾಕಿಸಿ ಒಳಗೆ ಬಿಟ್ಟಳು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಕಿಟಕಿಯ ಹತ್ತಿರದ ಪೆಟ್ಟಿಗೆಯಲ್ಲಿ ಒಂದು ಕೂಸಿತ್ತು. ಬಟ್ಟೆಯ ಕೆಳಗಿನಿಂದ ಟ್ಯೂಬುಗಳು ಬಂದಿದ್ದವು, ಅದರಲ್ಲಿ ಒಂದರ ಮೂತಿ ಕಿತ್ತಳೆ. ನೀನು ಬರೆದದ್ದಕ್ಕಿಂತ ಕಣ್ಣಿಗೆ ಜೋರಾಗಿದೆ. ಡ್ಯೂಟಿ ಬದಲಾಗುವ ಹೊತ್ತು. ಒಬ್ಬ ಹೊಸ ನರ್ಸು ಹಾಲಿನ ಸಿರಿಂಜು ಹಿಡಿದು ಬಂದಳು. ಅವಳ ಕೈ ಮೊದಲು ಬೇರೆ ಟ್ಯೂಬಿನ ಕಡೆಗೆ ಹೋಯಿತು. ನಾನು ಕುರ್ಚಿಯಿಂದ ಏಳಲು ಹೋದೆ, ಮಂಡಿ ಕೈಕೊಟ್ಟಿತು. ಅಷ್ಟರಲ್ಲಿ ಅವಳ ಕೈ ತಾನೇ ನಿಂತಿತು, ಪಕ್ಕಕ್ಕೆ ಸರಿದು ಕಿತ್ತಳೆ ಮೂತಿ ಹಿಡಿಯಿತು. ಅವಳಿಗೆ ಅದು ಗಮನಕ್ಕೂ ಬರಲಿಲ್ಲ. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಸಿರಿಂಜನ್ನು ತಿರುಚಿಯೇ ಸಿಕ್ಕಿಸಿದಳು, ನಾನು ಬರೆದಿದ್ದೆನಲ್ಲ. ಆ ಪೈಲ್ವಾನ ಆಗಲೇ ಟ್ಯೂಬಿಗೆ ಮುಷ್ಟಿ ಕಟ್ಟಿ ಎಳೆಯಲು ಶುರು ಮಾಡಿತು. ಮುಖ ಕೆಂಪಗೆ ಮಾಡಿಕೊಂಡು ಎಳೆಯಿತು. ನಿನ್ನ ಅಂಟು ಬಿಡಲಿಲ್ಲ. ಹಾಲು ಸಲೀಸಾಗಿ ಇಳಿಯಿತು. ನಾನು ಕೂತಲ್ಲೇ ಅತ್ತೆ. ಈ ಸಲ ಕಣ್ಣಿಗೆ ಏನೂ ಬಿದ್ದಿರಲಿಲ್ಲ.

ಆ ನರ್ಸು ಬಂದು, "ಯಾಕಜ್ಜಿ, ನಿಮ್ಮ ಮೊಮ್ಮಗೂನಾ?" ಎಂದಳು. ಅವಳು ಮಾತಾಡಿದ್ದು ಚೆನ್ನಾಗಿ ಕೇಳಿಸಿತು. ಕಿವಿಗೆ ಮೆಷಿನ್ ಹಾಕಿಸಿಕೊಂಡಿದ್ದೇನೆ, ನಿನ್ನ ಗಂಡನಿಗೆ ಇನ್ನೂ ಹೇಳಿಲ್ಲ. ನಾನು ಕಿತ್ತಳೆ ಮೂತಿಯನ್ನು ತೋರಿಸಿದೆ. "ಇಲ್ಲಮ್ಮ. ಇದನ್ನ ಅಂಟಿಸಿದ್ದು ನನ್ನ ಸೊಸೆ" ಎಂದೆ.

ಇನ್ನು ಮೇಲೆ ಫೋನು ಮಾಡಬಹುದು. ಆದರೂ ಕಾಗದ ನಿಲ್ಲಿಸಬೇಡ.

ಇಂತಿ,
ನಿನ್ನ ಅತ್ತೆ